ಹಗ್ಗ ಕಟ್ಟಿಸಿಕೊಳ್ಳದ ದೋಣಿ

ಸೋಮವಾರ, ಅಕ್ಟೋಬರ್ 2

ನಾಳೆ ವೆನಿಸ್ಸಿಗೆ ಹೊರಟಿದ್ದೇನೆ. ಐದು ರಾತ್ರಿ ಅಲ್ಲಿ. ಮಗ ಮಿರ್ಕೊ ಪಾಪ, ಇದನ್ನು ವಿಶ್ರಾಂತಿ ಅಂದುಕೊಂಡಿದ್ದಾನೆ. ಸೊಂಟದ ಆಪರೇಷನ್ ಆಗಿ ಆರು ತಿಂಗಳಿಂದ ಈ ಮೆಸ್ತ್ರೆಯ ಮನೆಯಲ್ಲೇ ಕೂತಿದ್ದೀಯ, ದೊಡ್ಡಮ್ಮನ ಹತ್ತಿರ ನಾಲ್ಕು ದಿನ ಹಾಯಾಗಿ ಇದ್ದು ಬಾ ಅಂದ. ಉದ್ದ ಸೇತುವೆ ದಾಟಿದರೆ ಬಸ್ಸಿನಲ್ಲಿ ಹನ್ನೆರಡು ನಿಮಿಷದ ದಾರಿ. ಊರು ಬಿಟ್ಟು ಬಂದ ಮೂವತ್ತೊಂದು ವರ್ಷದಲ್ಲಿ ನಾನು ಆ ದಾರಿ ಹಿಡಿದದ್ದು ಸಾವು, ಮದುವೆ, ಹಲ್ಲಿನ ಡಾಕ್ಟರು, ಇಷ್ಟಕ್ಕೇ. ಒಂದು ರಾತ್ರಿಯೂ ಉಳಿದಿಲ್ಲ.

ಅಕ್ಕ ಯೋಲೆ ಫೋನ್ ಮಾಡಿದ್ದು ಶುಕ್ರವಾರ. ಕುಶಲ ಗಿಶಲ ಏನೂ ಇಲ್ಲ. ಅಪ್ಪನ ದೋಣಿ ಎಲ್ವಿರಾವನ್ನು ಜುದೆಕ್ಕ ದ್ವೀಪದ ಹೆಂಗಸರ ದೋಣಿ ಸಂಘಕ್ಕೆ ಕೊಡುತ್ತಿದ್ದಾಳಂತೆ, ಶನಿವಾರ ಹನ್ನೆರಡರೊಳಗೆ ಮುಟ್ಟಿಸಬೇಕಂತೆ. ನನ್ನನ್ನು ಕೇಳಲಿಲ್ಲ, ತಿಳಿಸಿದಳು. ಆಮೇಲೆ ಹೇಳಿದ್ದು ಇದು: “ಪಕ್ಕದ ಮನೆ ತೂಲ್ಲಿಯೊ ತನ್ನ ಮೋಟಾರು ದೋಣಿಗೆ ಕಟ್ಕೊಂಡು ಎಳ್ಕೊಂಡು ಹೋಗ್ತೀನಿ ಅಂತಾನೆ. ನಮ್ಮ ಎಲ್ವಿರಾನ ಇವತ್ತಿನವರೆಗೆ ಯಾರೂ ಎಳೆದಿಲ್ಲ. ಹುಟ್ಟು ಹಾಕೋಕೆ ಇಬ್ಬರು ಬೇಕು. ನಿಂಗೆ ಮರ್ತೋಗಿದ್ರೆ ಹೇಳು, ಬೇರೆಯವರನ್ನ ನೋಡ್ತೀನಿ.”

ಮರೆತುಹೋಗಿದ್ದರೆ ಹೇಳಬೇಕಂತೆ. ಎಪ್ಪತ್ತೊಂಬತ್ತರ ದೋಣಿ ಪಂದ್ಯದಲ್ಲಿ ಮೊದಲ ಸ್ಥಾನದ ಕೆಂಪು ಬಾವುಟ ಗೆದ್ದವಳಿಗೆ ಈ ಮಾತು. ಅವತ್ತು ನಾನು ದೋಣಿಯ ಮುಂದೆ, ಅವಳು ಹಿಂದೆ. ಹಿಂದೆ ನಿಲ್ಲುವವಳು ಎತ್ತರದಲ್ಲಿರುತ್ತಾಳೆ, ದೋಣಿ ತಿರುಗಿಸುವವಳೂ ಅವಳೇ, ಹೆಸರೂ ಅವಳದ್ದೇ. ಮುಂದೆ ನಿಂತವಳು ಬರೀ ಎಳೆಯುವ ಎತ್ತು. ನನಗೆ ಒಂಬತ್ತು ವರ್ಷ ಆದಾಗಿನಿಂದ ನಾನು ಎತ್ತು. ಈ ಸಲ ಹಿಂದೆ ನಿಲ್ಲುವುದು ನಾನು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಪರೇಷನ್ ಸುದ್ದಿ ಅವಳಿಗೆ ತಿಳಿಸಿಲ್ಲ. ಮಿರ್ಕೊನ ಬಾಯಿಯನ್ನೂ ಮುಚ್ಚಿಸಿದ್ದೇನೆ. ನೀರು ಬಿಟ್ಟು ಒಣನೆಲಕ್ಕೆ ಹೋದವರ ಕಾಲಿಗೆ ಬೇಗ ತುಕ್ಕು ಅಂತ ಅವಳು ಹೇಳುವುದನ್ನು ನಾನು ಕೇಳಬೇಕಾಗಿಲ್ಲ. ಊರುಗೋಲನ್ನು ಬೀರುವಿನ ಹಿಂದೆ ಇಟ್ಟಿದ್ದೇನೆ.

ಮಂಗಳವಾರ, ಅಕ್ಟೋಬರ್ 3

ದೋಣಿಬಸ್ಸಿನ ದಕ್ಕೆಯಲ್ಲಿ ಅಕ್ಕ ನಿಂತಿದ್ದಳು. ಕಪ್ಪು ಕೋಟು, ನೆಟ್ಟಗಿನ ಬೆನ್ನು. ನಾನು ಇಳಿದು ಅವಳೆದುರಿಗೇ ಬಂದು ನಿಂತರೆ ನನ್ನನ್ನು ದಾಟಿ ಯಾವುದೋ ಸೂಟ್‌ಕೇಸಿನ ಹೆಂಗಸನ್ನು ನೋಡುತ್ತಿದ್ದಾಳೆ. ನಾನೇ ಬಾಯಿಬಿಟ್ಟು ಅಕ್ಕ ಅನ್ನಬೇಕಾಯಿತು. ಆಗ “ಬಂದೆಯಾ” ಅಂದಳು. ಬೇಕೆಂದೇ ಮಾಡಿದ್ದು. ಮೊದಲು ಕರೆಯುವವಳು ಸೋತಂತೆ, ಚಿಕ್ಕಂದಿನಿಂದಲೂ ಅವಳ ಲೆಕ್ಕ ಅದೇ.

ಅವಳ ಮನೆಗೆ ಎಪ್ಪತ್ತೆಂಟು ಮೆಟ್ಟಿಲು. ಅವಳು ಮುಂದೆ ಹೋದಳು, ನಾನು ಹಿಂದೆ ಹತ್ತಿದೆ. ಒಳ್ಳೆಯ ಕಾಲು ಮೇಲೆ, ಕೆಟ್ಟ ಕಾಲು ಜೊತೆಗೆ, ಹಾಗೇ ಒಂದೊಂದಾಗಿ. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ನನಗೆ ಅದೇ ಒಳ್ಳೆಯದಾಯಿತು. ಮೇಲೆ ಮುಟ್ಟಿದಾಗ ಬೆವರಿದ್ದೆ, ಆದರೂ ಗೆದ್ದಿದ್ದೆ.

ಅವಳ ಮನೆಯ ಕಟ್ಟುಪಾಡು ಇನ್ನೂ ಜಾಸ್ತಿಯಾಗಿದೆ. ಉಪ್ಪಿನ ಬಟ್ಟಲು ಒಂದು ಗೇಣು ಆಚೆ ಇಟ್ಟಿದ್ದಕ್ಕೆ ಬೈದಳು. ಸಂಜೆ ಕತ್ತಲಾದರೂ ದೀಪ ಹಾಕುವುದಿಲ್ಲ, ಅಷ್ಟು ಜಿಪುಣಿ. ಕಾಫಿ ಬಗ್ಗಿಸುವಾಗ ಬೆರಳನ್ನು ಕಪ್ಪಿನೊಳಗೆ ಇಳಿಬಿಡುತ್ತಾಳೆ. ಅಮ್ಮ ಇದ್ದಿದ್ದರೆ ಕೈ ಮೇಲೆ ಬಾರಿಸುತ್ತಿದ್ದಳು. ಒಬ್ಬಳೇ ಇದ್ದೂ ಇದ್ದೂ ನಯನಾಜೂಕು ಹೋಗಿದೆ ಅಂದುಕೊಂಡು ಸುಮ್ಮನೆ ಕುಡಿದೆ.

ಹಿಂದೆ ನಾನು ನಿಲ್ಲುತ್ತೇನೆ ಅಂದೆ. ಅವಳು ನಕ್ಕಳು, ಅಷ್ಟೇ. ಭಾನುವಾರ ಬೇಗ ಬರಲಿ.

ಬುಧವಾರ, ಅಕ್ಟೋಬರ್ 4

ಎಲ್ವಿರಾ ಹಾಗೇ ಇದ್ದಾಳೆ. ಅಪ್ಪ ಅಮ್ಮನ ಹೆಸರಿಟ್ಟು ಕಟ್ಟಿಸಿದ ದೋಣಿ. ಅಗಲ ತಳ, ಕರಿ ಮೈ, ಒಳಗೆ ಹಸಿರು. ಅಕ್ಕ ಈ ವಸಂತದಲ್ಲಿ ಬಣ್ಣ ಹೊಡೆದಿದ್ದಾಳೆ, ಆದರೆ ಅಲ್ಲಲ್ಲಿ ಗೆರೆ ದಾಟಿ ಹಸಿರಿನ ಮೇಲೆ ಕಪ್ಪು ಬಂದಿದೆ. ಅಷ್ಟು ಅಚ್ಚುಕಟ್ಟಿನವಳು ಹೀಗೆ ಮಾಡಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಯಿತು, ಬರೆದುಕೊಳ್ಳುವುದರಲ್ಲಿ ಏನು.

ಅಭ್ಯಾಸಕ್ಕೆ ಅರ್ಧ ಗಂಟೆ ಹೋದೆವು. ಅವಳೇ ಹಿಂದೆ ನಿಂತಳು. ಜಗಳ ಆಡಲು ನನಗೆ ಉಸಿರಿರಲಿಲ್ಲ, ದೋಣಿಗೆ ಇಳಿಯುವಾಗಲೇ ಸೊಂಟ ಚುಳುಕ್ ಅಂದಿತ್ತು. ಆದರೆ ಕೈ ಮರೆತಿರಲಿಲ್ಲ. ಮೂರನೆಯ ಎಳೆತಕ್ಕೇ ಹುಟ್ಟು, ಅದನ್ನು ಆನಿಸುವ ಮರದ ಗೂಟದಲ್ಲಿ ತನ್ನ ಜಾಗ ಹುಡುಕಿಕೊಂಡಿತು. ಮೂವತ್ತೊಂದು ವರ್ಷ. ಅಳು ಬಂತು, ಬೆನ್ನು ಅವಳ ಕಡೆಗಿದ್ದದ್ದು ಒಳ್ಳೆಯದಾಯಿತು.

ಆಮೇಲೆ ಅವಳು ನೇರವಾಗಿ ಹೋಗಿ ದೋಣಿ ಕಟ್ಟುವ ಕಂಬಕ್ಕೆ ಗುದ್ದಿದಳು. ಹಾಡಹಗಲು, ಎರಡಾಳೆತ್ತರದ ಕಂಬ. ಗುದ್ದಿಬಿಟ್ಟು, “ಮುಂದೆ ಅಷ್ಟು ಜೋರಾಗಿ ಎಳೆದ್ರೆ ನಾನೇನು ಮಾಡಲಿ?” ಅಂತ ನನ್ನ ಮೇಲೇ ಬಿದ್ದಳು. ತೂಲ್ಲಿಯೊ ತನ್ನ ಸಾಮಾನಿನ ದೋಣಿಯಲ್ಲಿ ನೀರಿನ ಬಾಟಲಿ ಇಳಿಸುತ್ತಿದ್ದವನು ಎಲ್ಲ ನೋಡಿದ. ಐವತ್ತು ದಾಟಿದ ಗಂಡಸು, ಅಕ್ಕನ ಮೇಲೆ ತಾಯಿ ಮೇಲಿನಷ್ಟು ಅಕ್ಕರೆ, ಆದರೆ ಬಾಯಿ ಸುಮ್ಮನಿರುವುದಿಲ್ಲ. “ಅಕ್ಕಾವ್ರೆ, ಆ ಕಂಬ ಇನ್ನೂರು ವರ್ಷದಿಂದ ಅಲ್ಲೇ ಇದೆ. ಶನಿವಾರ ನನ್ನ ಹಗ್ಗ ರೆಡಿ ಇರುತ್ತೆ ನೋಡಿ” ಅಂದ. ಅಕ್ಕ ಹುಟ್ಟಿನಿಂದ ಕಂಬವನ್ನು ತಳ್ಳಿ ದೋಣಿ ಬಿಡಿಸಿಕೊಂಡಳು. ಅವಳು ಉತ್ತರ ಕೊಡದೆ ಇದ್ದದ್ದನ್ನು ನಾನು ಇದೇ ಮೊದಲು ಕಂಡದ್ದು. ನಾನೇ ಹೇಳಿದೆ, ನಿನ್ನ ಹಗ್ಗದ ಮೇಲೆ ಬಟ್ಟೆ ಒಣಹಾಕಿಕೋ ಅಂತ.

ಅವಳಿಗೆ ವಯಸ್ಸಾಯಿತು. ಎಪ್ಪತ್ನಾಲ್ಕು. ಶನಿವಾರ ನಾನೇ ಹಿಂದೆ ನಿಲ್ಲಬೇಕು.

ಗುರುವಾರ, ಅಕ್ಟೋಬರ್ 5

ಸೊಂಟ. ಇಡೀ ದಿನ ಮಲಗಿದ್ದೆ. ತಲೆನೋವು ಅಂದೆ.

ಶುಕ್ರವಾರ, ಅಕ್ಟೋಬರ್ 6

ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಪಕ್ಕದ ಕುರ್ಚಿಯ ಮೇಲೆ ಇನ್ನೊಂದು ದಿಂಬು ಇಟ್ಟಿದ್ದಾಳೆ. ಕೂರುವಾಗ ತಗ್ಗಾಗಬಾರದು ಅಂತ ಡಾಕ್ಟರು ಹೇಳಿದ ಎತ್ತರಕ್ಕೆ ಸರಿಯಾಗಿದೆ. ಕಾಕತಾಳೀಯ. ತಲೆನೋವಿಗೆ ದಿಂಬು ಅಂದುಕೊಂಡಳೋ ಏನೋ.

ಮಧ್ಯಾಹ್ನ ಈರುಳ್ಳಿ, ವಿನಿಗರಿನಲ್ಲಿ ಎರಡು ದಿನ ನೆನೆದ ಬೂತಾಯಿ ಮೀನು ಬಡಿಸಿದಳು. ಅಮ್ಮನ ಕೈರುಚಿ. ನಾನು ಮೆಸ್ತ್ರೆಯಲ್ಲಿ ಎಷ್ಟು ಸಲ ಮಾಡಿದರೂ ಹೀಗಾಗುವುದಿಲ್ಲ, ಅದನ್ನು ಅವಳಿಗೆ ಹೇಳಲಿಲ್ಲ. ಊಟದ ಮಧ್ಯೆ ಧೈರ್ಯ ಮಾಡಿ, ದೋಣಿ ಯಾಕೆ ಕೊಡುತ್ತೀಯ ಅಂತ ಕೇಳಿದೆ. ಸಾಕಾಗಿದೆ ಅಂದಳು. ಹಗಲೂ ಇರುಳೂ ನೀರಿನ ಮೇಲೆ ಬಿದ್ದಿದ್ದವಳಿಗೆ ನೀರು ಸಾಕಾಯಿತಂತೆ. ನಾನು ಊರು ಬಿಟ್ಟಾಗ ಒಂದು ವರ್ಷ ಮಾತು ಬಿಟ್ಟವಳು ಇವಳು. ಒಣ ನೆಲ, ಲಿಫ್ಟು, ಕಾರು ಅಂತ ಆಸೆಪಟ್ಟು ಹೋದೆ ಅಂತ ನನ್ನನ್ನು ಊರೆಲ್ಲ ಆಡಿಕೊಂಡವಳು. ಈಗ ಅಪ್ಪನ ದೋಣಿಯನ್ನೇ ಯಾರಿಗೋ ಎತ್ತಿಕೊಡುತ್ತಾಳೆ. ಸಿಟ್ಟು ನೆತ್ತಿಗೇರಿತು, ಮೀನಿಗಾಗಿ ಸುಮ್ಮನಾದೆ.

ಸಂಜೆ ತೂಲ್ಲಿಯೊ ಮೇಲೆ ಬಂದು ಫೋನಿನಲ್ಲಿ ಉಬ್ಬರದ ಪಟ್ಟಿ ತೋರಿಸಿದ. ತೆಂಕಣ ಗಾಳಿ ಎದ್ದಿದೆಯಂತೆ, ನಾಳೆ ಹನ್ನೊಂದರವರೆಗೆ ನೀರು ಏರುತ್ತಲೇ ಇರುತ್ತದಂತೆ, ಗಿಡ್ಡ ಸೇತುವೆ ಇರುವ ಒಳಗಿನ ಕಾಲುವೆ ಬೇಡ, ಹೊರಗಿನಿಂದ ಸುತ್ತಿ ಹೋಗಿ ಅಂದ. ಹೊರಗಿನಿಂದ ಸುತ್ತಿದರೆ ಎರಡು ಗಂಟೆ ಜಾಸ್ತಿ. ನನ್ನ ಸೊಂಟ ಅಷ್ಟು ಹೊತ್ತು ನಿಲ್ಲುವುದಿಲ್ಲ, ಆದರೆ ಅದನ್ನು ಹೇಳುವ ಹಾಗಿಲ್ಲ. ನಾನು ಹುಟ್ಟಿದ್ದು ಈ ಕಾಲುವೆಯ ಮೇಲಿನ ಕೋಣೆಯಲ್ಲಿ, ನೀರು ಏನು ಮಾಡುತ್ತದೆ ಅಂತ ನನಗೆ ಫೋನು ಹೇಳಬೇಕೇ ಅಂದೆ. ಬೆಳಿಗ್ಗೆ ಮೆಟ್ಟಿಲು ನೋಡಿ ಹೇಳುತ್ತೇನೆ ಅಂದೆ. ಅಕ್ಕ ನನ್ನ ಪಕ್ಷ ವಹಿಸಿದಳು. “ನಮ್ಮ ಓಂದೀನಾನೇ ನೋಡಿ ಹೇಳಲಿ” ಅಂದಳು. ನನಗೇ ಆಶ್ಚರ್ಯ.

ಶನಿವಾರ, ಅಕ್ಟೋಬರ್ 7

ಅಕ್ಷರ ಹೇಗೆ ಬಂದರೂ ಸರಿ, ಎಲ್ಲವನ್ನೂ ಇವತ್ತೇ ಬರೆಯಬೇಕು.

ಬೆಳಿಗ್ಗೆ ಒಂಬತ್ತೂವರೆಗೆ ಕಾಲುವೆಗೆ ಇಳಿಯುವ ಮೆಟ್ಟಿಲ ಹತ್ತಿರ ಹೋದೆ. ಅಪ್ಪ ಕಲಿಸಿದ್ದು ಸುಲಭ: ಗೋಡೆಯ ಮೇಲೆ ಒದ್ದೆ ಗೆರೆ ನೀರಿಗಿಂತ ಮೇಲಿದ್ದರೆ ನೀರು ಇಳಿಯುತ್ತಿದೆ ಅಂತ ಅರ್ಥ. ಒದ್ದೆ ಗೆರೆ ನಾಲ್ಕು ಬೆರಳು ಮೇಲಿತ್ತು. ಇಳಿತ ಶುರುವಾಗಿದೆ, ಒಳದಾರಿಯಲ್ಲೇ ಹೋಗೋಣ ಅಂದೆ. ತೂಲ್ಲಿಯೊ ಏನೋ ಹೇಳಲು ಬಾಯಿ ತೆರೆದ, ಅಕ್ಕ ಆಗಲೇ ಹಗ್ಗ ಬಿಚ್ಚಿದ್ದಳು.

ನಾನು ಮರೆತದ್ದು ಇಷ್ಟೇ. ಅಪ್ಪನ ಕಾಲದಲ್ಲಿ ಆ ಕಾಲುವೆಯಲ್ಲಿ ಮೋಟಾರು ಇರಲಿಲ್ಲ. ಗೆರೆ ಒದ್ದೆ ಮಾಡಿದ್ದು ಇಳಿದ ನೀರಲ್ಲ, ಐದು ನಿಮಿಷ ಮುಂಚೆ ಹೋದ ಯಾವುದೋ ಸಾಮಾನಿನ ದೋಣಿಯ ಅಲೆ. ಈ ಊರಿನಲ್ಲಿ ಹುಟ್ಟಿದವಳು ಮಾತ್ರ ಮಾಡಬಹುದಾದ ತಪ್ಪು. ಪ್ರವಾಸಿಯಾಗಿದ್ದರೆ ಫೋನು ನೋಡಿ ಸರಿಯಾಗಿ ಹೋಗುತ್ತಿದ್ದ.

ಗಿಡ್ಡ ಸೇತುವೆಯ ಹತ್ತಿರ ಬಂದಾಗ ಗೊತ್ತಾಯಿತು. ಕಮಾನಿನ ಕೆಳಗೆ ನೀರಿಗೂ ಕಲ್ಲಿಗೂ ನಡುವೆ ಇದ್ದದ್ದು ಮೂರು ಗೇಣು. ನಿಂತು ಹುಟ್ಟು ಹಾಕುವುದಿರಲಿ, ಕೂತರೂ ತಲೆ ಬಡಿಯುತ್ತದೆ. ಸೇತುವೆಯ ಮೇಲೆ ಪ್ರವಾಸಿಗರು ಸಾಲಾಗಿ ಬಗ್ಗಿ ಫೋನು ಹಿಡಿದರು. ಹಿಂದೆ ಮೋಟಾರಿನ ಸದ್ದು. ತೂಲ್ಲಿಯೊ ನಮ್ಮ ಬೆನ್ನಿಗೇ ಬಂದಿದ್ದ. ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು. “ಅಕ್ಕಾವ್ರೆ, ನೀರಿಳಿಯೋ ಹೊತ್ತಿಗೆ ಎರಡಾಗುತ್ತೆ. ಅವರು ಹನ್ನೆರಡಕ್ಕೆ ಕಾಯ್ತಿರ್ತಾರೆ. ಹಗ್ಗ ಎಸೀತೀನಿ, ಹಿಡ್ಕೊಳ್ಳಿ, ಹೊರಗಿನಿಂದ ಎಳ್ಕೊಂಡು ಹೋಗ್ತೀನಿ. ಯಾರಿಗೂ ಹೇಳಲ್ಲ.”

ತಪ್ಪು ನನ್ನದು. ಅಕ್ಕ ನನ್ನನ್ನು ಬೈಯಲಿಲ್ಲ. ತನ್ನ ಹುಟ್ಟನ್ನು ದೋಣಿಯೊಳಗೆ ಉದ್ದಕ್ಕೆ ಮಲಗಿಸಿ, ಮರದ ಗೂಟವನ್ನು ಕಿತ್ತು ಕೆಳಗಿಟ್ಟಳು. “ಮಲಗು” ಅಂದಳು. ಚಿಕ್ಕಂದಿನಲ್ಲಿ ಹಾಗೇ ದಾಟುತ್ತಿದ್ದೆವು, ಅಂಗಾತ ಮಲಗಿ ಅಂಗೈಯಿಂದ ಕಮಾನನ್ನು ತಳ್ಳುತ್ತಾ. ಆಗ ನಮಗೆ ಎಂಟು ಮತ್ತು ಹದಿನಾಲ್ಕು.

ಹೇಗೆ ಮಲಗಿದೆ ಅಂತ ನನಗೇ ತಿಳಿಯದು. ಮೇಲೆ ಯಾರೋ ನಕ್ಕರು, ಕಮಾನಿನೊಳಗೆ ಹೋದ ಮೇಲೆ ನಗು ನಿಂತಿತು. ಕಲ್ಲು ಮೂಗಿನ ಹತ್ತಿರ, ಪಾಚಿ ವಾಸನೆ, ಕಗ್ಗತ್ತಲೆ. ಅರ್ಧದಲ್ಲಿ ದೋಣಿಯ ಮೂತಿ ಎಲ್ಲೋ ಸಿಕ್ಕಿಕೊಂಡಿತು. ನನ್ನ ತಲೆ ಅವಳ ಕಾಲ ಹತ್ತಿರ ಇತ್ತು.

“ಸೊಂಟಕ್ಕೆ ತುಂಬಾ ನೋವಾಯ್ತಾ?” ಅಂತ ಕೇಳಿದಳು.

ಯಾವ ಸೊಂಟ ಅಂದೆ.

“ಮಂಗಳವಾರ ಎಪ್ಪತ್ತೆಂಟು ಮೆಟ್ಟಿಲನ್ನೂ ಒಂದೇ ಕಾಲಲ್ಲಿ ಹತ್ತಿದೆಯಲ್ಲ, ಆ ಸೊಂಟ. ಕಿವಿ ಇನ್ನೂ ಗಟ್ಟಿಯಾಗಿದೆ ಕಣೇ ನಂಗೆ.”

ಕಿವಿ ಅಂದ ರೀತಿ ಏನೋ ಹಾಗಿತ್ತು. ಬೆರಳದ್ದಿದ ಕಪ್ಪು, ಉಪ್ಪಿನ ಬಟ್ಟಲು, ದಕ್ಕೆಯಲ್ಲಿ ನನ್ನನ್ನು ದಾಟಿ ಹೋದ ನೋಟ, ಎಲ್ಲ ಒಟ್ಟಿಗೇ ಬಂದು ನನ್ನ ಎದೆ ಮೇಲೆ ಕೂತವು. ಕಣ್ಣು ಎಷ್ಟು ಕಾಣುತ್ತೆ ಅಕ್ಕ ಅಂತ ಕೇಳಿದೆ.

ಅವಳು ಸ್ವಲ್ಪ ಹೊತ್ತು ಕಲ್ಲನ್ನು ತಳ್ಳುತ್ತಿದ್ದಳು. ಆಮೇಲೆ ಹೇಳಿದಳು, “ಈ ಸೇತುವೆ ಕೆಳಗೆ ನಿಂಗೆಷ್ಟು ಕಾಣ್ತಿದೆ? ನಂಗೂ ಅಷ್ಟೇ. ಬದಿಗಳಲ್ಲಿ ಒಂಚೂರು ಬೆಳಕಿದೆ, ನಡುವೆ ಏನೂ ಇಲ್ಲ. ಮಾರ್ಚಿಂದ. ಯಾರಿಗೂ ಗೊತ್ತಿಲ್ಲ. ಗೊತ್ತಾದ್ರೆ ಕೈ ಹಿಡ್ಕೊಂಡು ದಾಟಿಸೋಕೆ ಬರ್ತಾರೆ.”

ನಾನು ಎರಡೂ ಕೈ ಮೇಲೆತ್ತಿ ಇದ್ದಬದ್ದ ಬಲ ಹಾಕಿ ತಳ್ಳಿದೆ. ಅವಳೂ ತಳ್ಳಿದಳು. ಕಲ್ಲಿಗೆ ಉಜ್ಜಿ ಕರ್ರ್ ಅಂತ ಸದ್ದಾಗಿ ಎಲ್ವಿರಾ ಬಿಡಿಸಿಕೊಂಡಳು. ಬೆಳಕಿಗೆ ಬಂದಾಗ ಆಚೆ ಬದಿಯಲ್ಲಿ ಪ್ರವಾಸಿಗರು ಚಪ್ಪಾಳೆ ತಟ್ಟುತ್ತಿದ್ದರು. ತೂಲ್ಲಿಯೊನ ದೋಣಿ ಆ ಕಮಾನಿಗೆ ಹಿಡಿಸುವುದಿಲ್ಲ. ಅವನು, ಅವನ ಹಗ್ಗ, ಎರಡೂ ಆಚೆಯೇ ಉಳಿದವು.

ಗೂಟ ನೆಟ್ಟು ಎದ್ದು ನಿಂತೆವು. ಅಕ್ಕ ತಡವರಿಸುತ್ತಾ ಮುಂದಕ್ಕೆ ಒಂದು ಹೆಜ್ಜೆ ಇಟ್ಟಳು. “ಹಿಂದೆ ನೀನು ನಿಲ್ಲು. ದೊಡ್ಡ ಕಾಲುವೆ ದಾಟಬೇಕು, ನನ್ನಿಂದಾಗಲ್ಲ” ಅಂದಳು. ಐವತ್ತೊಂಬತ್ತು ವರ್ಷ ಕಾದಿದ್ದ ಮಾತು. ನನ್ನ ಸೊಂಟಕ್ಕೆ ಎತ್ತರದಲ್ಲಿ ನಿಲ್ಲಲು ಆಗುವುದಿಲ್ಲ, ನೀನೇ ನಿಲ್ಲು ಅಂದೆ. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ಯಾಕೆ ಹಾಗಂದೆ ಗೊತ್ತಿಲ್ಲ. ವಾದ ಮಾಡಲು ಹೊತ್ತಿರಲಿಲ್ಲ, ಅದಕ್ಕಿರಬೇಕು.

ಆಮೇಲೆ ಒಂದು ಗಂಟೆ ನನ್ನ ಬಾಯಿ ನಿಲ್ಲಲಿಲ್ಲ. ಎಡಗಡೆ ಕಸದ ದೋಣಿ, ಅದರವನು ಮೂಗಿನಲ್ಲಿ ಬೆರಳಿಟ್ಟಿದ್ದಾನೆ. ಬಲಗಡೆ ಮೂರು ಕಂಬ, ಮೂರನೆಯದು ವಾಲಿದೆ, ಊರು ಹಾಳಾಯಿತು. ಟ್ಯಾಕ್ಸಿ ಬರುತ್ತಿದೆ ನೋಡು, ಎದುರಿಗೇ ಬರುತ್ತಾನೆ, ಅಪ್ಪ ಅಮ್ಮ ಕಲಿಸಿಲ್ಲ ಅವನಿಗೆ. ಕಂಡವರಿಗೆಲ್ಲ ಇಬ್ಬರು ಮುದುಕಿಯರು ಊರಿನ ಮೇಲೆ ಗೊಣಗುತ್ತಾ ಹೋಗುತ್ತಿದ್ದಾರೆ ಅಷ್ಟೇ. ಹಿಂದಿನಿಂದ ಅಕ್ಕನ ಹುಟ್ಟು ಒಂದೊಂದು ಮಾತಿಗೂ ತಿರುಗುತ್ತಿತ್ತು. ದೊಡ್ಡ ಕಾಲುವೆಯಲ್ಲಿ ದೋಣಿಬಸ್ಸು ಸಿಳ್ಳೆ ಹಾಕಿದರೂ ಅವಳು ಒಂದು ಗೇಣು ಅತ್ತಿತ್ತ ಆಗಲಿಲ್ಲ. ಜುದೆಕ್ಕದ ಮುಂದಿನ ಅಗಲ ನೀರಿನಲ್ಲಿ ಅಲೆ ಮೊಣಕಾಲಿನವರೆಗೆ ಎದ್ದಿತ್ತು, ಅವಳು ಪ್ರತಿ ಅಲೆಯನ್ನೂ ಪಾದದಲ್ಲೇ ಓದಿದಳು. ಇಡೀ ವೆನಿಸ್ಸಿನಲ್ಲಿ ಕಣ್ಣು ಕಾಣುವವರಲ್ಲಿ ಹಾಗೆ ದೋಣಿ ನಡೆಸುವವರು ಇಬ್ಬರಿದ್ದರೆ ನನಗೆ ತೋರಿಸಲಿ. ಅವಳು ನನ್ನ ಅಕ್ಕ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸಂಘದ ಕಟ್ಟೆ ಕಂಡಿತು. ಅಲ್ಲಿ ಎಂಟು ಹೆಂಗಸರು ಬಿಳಿ ಅಂಗಿ ಹಾಕಿ ಸಾಲಾಗಿ ನಿಂತಿದ್ದರು. ನಾವು ಹತ್ತಿರವಾಗುತ್ತಲೇ ಒಬ್ಬರೂ ತುಟಿ ಬಿಚ್ಚದೆ ಎಂಟೂ ಹುಟ್ಟುಗಳನ್ನು ಆಕಾಶಕ್ಕೆ ನೆಟ್ಟಗೆ ಎತ್ತಿ ಹಿಡಿದರು. ಅದು ನಮ್ಮ ನೀರಿನ ದೊಡ್ಡ ಗೌರವ, ಗೆದ್ದವರಿಗೂ ತೀರಿಹೋದವರಿಗೂ ಕೊಡುವಂಥದ್ದು. ಪಡೆದ ದೋಣಿ ನಿಂತು, ತಾನೂ ಹುಟ್ಟೆತ್ತಿ ಉತ್ತರ ಕೊಡಬೇಕು. ಕೊಡದಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಎಂಟು ಜನ ಎದುರಿಗೆ ನಮ್ಮನ್ನೇ ನೋಡುತ್ತಿದ್ದಾರೆ, ಅಕ್ಕನಿಗೆ ಒಂದೂ ಕಾಣುತ್ತಿಲ್ಲ. ಎಲ್ಲರೂ ಮೌನವಾಗಿರುವಾಗ ನಾನು ಬಾಯಿಬಿಟ್ಟು ಹೇಳಿದರೆ ಅವಳ ಗುಟ್ಟು ಅಲ್ಲೇ ಒಡೆಯುತ್ತದೆ. ಬಾಯಿ ಬಿಡದಿದ್ದರೆ ಅವಳು ಹುಟ್ಟು ಹಾಕುತ್ತಲೇ ಇರುತ್ತಾಳೆ.

ನನ್ನ ಹುಟ್ಟನ್ನು ಗೂಟದಿಂದ ತೆಗೆದೆ. ನಾಲ್ಕು ಮೀಟರು ಮರ. ಹಿಡಿದುಕೊಳ್ಳಲು ಏನಿಲ್ಲ, ಕೆಳಗೆ ದೋಣಿ ಅಲ್ಲಾಡುತ್ತಿದೆ. ಬಿದ್ದರೆ ಬೀಳಲಿ ಅಂದುಕೊಂಡು ಎತ್ತಿ, ಅದರ ಬುಡವನ್ನು ದೋಣಿಯ ಹಲಗೆಗೆ ಠಕ್ಕೆಂದು ಕುಟ್ಟಿದೆ. ಆ ಮೌನದಲ್ಲಿ ಅದು ಗುಂಡು ಹೊಡೆದಂತೆ ಕೇಳಿತು. ಹುಟ್ಟಿನಿಂದ ನೀರು ನನ್ನ ಮುಖದ ಮೇಲೆ ಸುರಿಯಿತು. ನಾನು ಹಿಂದೆ ತಿರುಗಲಿಲ್ಲ.

ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ನನ್ನ ಬೆನ್ನ ಹಿಂದೆ ಇನ್ನೊಂದು ಠಕ್.

ಭಾನುವಾರ, ಅಕ್ಟೋಬರ್ 8

ಮೆಸ್ತ್ರೆ. ಮಿರ್ಕೊ ಬಂದು ಚೀಲ ಎತ್ತಿಕೊಂಡು, ವಿಶ್ರಾಂತಿ ಆಯ್ತಾ ಅಂದ. ಆಯ್ತು ಅಂದೆ. ಇನ್ನು ಪ್ರತಿ ಬುಧವಾರ ಮನೆಗೆ ಹೋಗಿಬರಬೇಕು ಅಂದೆ. ಎಲ್ವಿರಾ ಸಂಘಕ್ಕೆ ಸೇರಿದರೂ ಬುಧವಾರ ಬೆಳಗಿನ ಹೊತ್ತು ನಮ್ಮದು ಅಂತ ಅಕ್ಕ ಅವರಿಂದ ಬರೆಸಿಕೊಂಡಿದ್ದಾಳೆ, ನನ್ನನ್ನು ಕೇಳದೇ. ಯಾವ ಮನೆಗೆ ಅಂತ ಮಿರ್ಕೊ ಕೇಳಿದ. ಇವನಿಗೂ ಆಗಾಗ ತಲೆ ಓಡುವುದಿಲ್ಲ.

ಬೆಳಿಗ್ಗೆ ಅಕ್ಕ ದಕ್ಕೆಯವರೆಗೆ ಬಂದಿದ್ದಳು, ನನ್ನ ತೋಳಿನೊಳಗೆ ತೋಳು ಹಾಕಿಕೊಂಡು. ನೋಡಿದವರಿಗೆ ಯಾರು ಯಾರನ್ನು ಹಿಡಿದಿದ್ದಾರೆ ಅಂತ ಗೊತ್ತಾಗುವಂತಿರಲಿಲ್ಲ. ದೋಣಿಬಸ್ಸು ಬರುವವರೆಗೆ ನಿನ್ನೆಯ ಮಾತೇ ಎತ್ತಲಿಲ್ಲ. ಅದು ಬಂದು ತಗುಲಿದ ಮೇಲೆ, ಒಟ್ಟು ಎಷ್ಟು ಹುಟ್ಟು ಎತ್ತಿದ್ದರು ಅಂತ ಕೇಳಿದಳು. ಎಂಟು, ನಮ್ಮದು ಸೇರಿ ಹತ್ತು ಅಂದೆ.

“ಎಲ್ಲಾ ನೆಟ್ಟಗಿತ್ತಾ?”

ಒಂದು ಮಾತ್ರ ಸೊಟ್ಟ ಇತ್ತು ಅಂದೆ.

“ನಿಂದೇ ಇರಬೇಕು” ಅಂದಳು.

ಹೌದು, ನನ್ನದೇ.